ಮಾದರಿ ಬಾಣಂತಿ

"ತಂಗೀ, ನೀರಿನ ಹೊತ್ತಾತು. ಒಂದ್ ಲೋಟ ಕುಡಿ."

ಬೆಳಗಿನ ಹತ್ತೂವರೆಗೆ ಕಾರಗನಹಟ್ಟಿಯ ಒಂದು ಮನೆಯಲ್ಲಿ ಹಸಿರು ಬಳೆಯೊಂದು ಹೀಗೆಂದಿತು. ಬಳೆ ತೊಟ್ಟ ಕೈ ಲೋಟ ಎತ್ತಿತು, ಇಳಿಸಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ, ಅಲ್ಲಿಂದ ಅರವತ್ತು ಕಿಲೋಮೀಟರು ದೂರದ ಬಾಣಂತಿ ಆರೋಗ್ಯ ಸಂಶೋಧನಾಲಯದಲ್ಲಿ, ಡಾ. ಹೈಮವತಿಯ ಗೋಡೆಪರದೆಯ ಮೇಲೆ ನಾನೂರ ಹದಿನೇಳನೆಯ ಚುಕ್ಕೆ ಹಳದಿಯಿಂದ ಹಸಿರಿಗೆ ತಿರುಗಿತು.

ಆ ಚುಕ್ಕೆಯೆಂದರೆ ಹೈಮವತಿಗೆ ವಿಶೇಷ ಅಕ್ಕರೆ. ಹೆರಿಗೆಯಾಗಿ ಹನ್ನೊಂದು ದಿನವಾಗಿದ್ದ, ಇಪ್ಪತ್ಮೂರು ವರ್ಷದ ತನುಜಾ ಎಂಬ ಹುಡುಗಿಯದು ಅದು. ಬಳೆ ಕುಡಿ ಎಂದಾಗಲೆಲ್ಲ ಕುಡಿದ, ಒಂದು ದಿನವೂ ತಪ್ಪಿಸದ ಬಾಣಂತಿ. ಗುರುವಾರ ಬೆಂಗಳೂರಿನಲ್ಲಿ ಮಂತ್ರಿಗಳ ಮುಂದೆ ತೋರಿಸಲು ಆರಿಸಿಟ್ಟಿದ್ದ ರೇಖಾಚಿತ್ರವೂ ಇವಳದೇ. ಅದರ ಮೇಲೆ ಹೈಮವತಿ ತನ್ನ ಕೈಯಾರೆ "ಮಾದರಿ ಬಾಣಂತಿ" ಎಂದು ಬರೆದಿದ್ದಳು.

ಇಷ್ಟೆಲ್ಲ ಚೆನ್ನಾಗಿದ್ದರೂ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸೋಮವಾರದ ಆ ಬೆಳಿಗ್ಗೆ ಮೂರು ಸಲ ಕಾಫಿ ತರಿಸಿ ಮೂರನ್ನೂ ಆರಲು ಬಿಟ್ಟಿದ್ದಳು. ಕಾರಣ ಇಷ್ಟೇ: ಹಿಂದಿನ ವಾರ ಇಬ್ಬರು ಬಾಣಂತಿಯರು ಫಿಟ್ಸ್ ಬಂದು ಜಿಲ್ಲಾಸ್ಪತ್ರೆ ಸೇರಿದ್ದರು. ಇಬ್ಬರ ಚುಕ್ಕೆಯೂ ಆ ಹೊತ್ತಿನಲ್ಲಿ ಹಸಿರಾಗಿಯೇ ಇತ್ತು. "ಆರುನೂರ ನಲವತ್ತು ಬಳೆಗಳಲ್ಲಿ ಎರಡು ಕೆಡಬಾರದೇನಮ್ಮಾ? ಗುರುವಾರದ ಮಾತು ತಯಾರು ಮಾಡ್ಕೊ," ಎಂದಿದ್ದರು ನಿರ್ದೇಶಕರು. ಕೆಡಬಹುದು. ಆದರೆ ಕೆಟ್ಟ ಯಂತ್ರ ಎಲ್ಲ ಚೆನ್ನಾಗಿದೆ ಎಂದೇ ಯಾಕೆ ಹೇಳಬೇಕು?

ಈ ಬಳೆಯ ಹುಟ್ಟಿನ ಕಥೆ ಸ್ವಲ್ಪ ಹೇಳಬೇಕು. ಆ ಸೀಮೆಯಲ್ಲಿ ಬಾಣಂತಿಗೆ ನೀರು ಕೊಡುವುದಿಲ್ಲ. ಮೈ ಹಸಿಯಾಗಿರುತ್ತದೆ, ನೀರು ಕುಡಿದರೆ ನಂಜಾಗುತ್ತದೆ, ಹೊಟ್ಟೆ ಬರುತ್ತದೆ, ಕೂಸಿಗೆ ಶೀತ ಎಂದು ಹಿರಿಯರ ಮಾತು. ರೊಟ್ಟಿ, ಬೆಳ್ಳುಳ್ಳಿ, ಸಬ್ಬಸಿಗೆ ಪಲ್ಯ, ಮಂಚದ ಕೆಳಗೆ ಕೆಂಡ. ನೀರು ಮಾತ್ರ ಗುಟುಕಿನ ಲೆಕ್ಕ. ಹೆತ್ತ ಹೆಣ್ಣಿನ ರಕ್ತ ಮೊದಲೇ ಹೆಪ್ಪುಗಟ್ಟಲು ತಯಾರಾಗಿರುತ್ತದೆ, ಅದು ಪ್ರಕೃತಿಯೇ ಮಾಡಿಟ್ಟ ಏರ್ಪಾಡು. ನೀರೂ ಇಲ್ಲದಿದ್ದರೆ ರಕ್ತ ಮತ್ತಷ್ಟು ಗಟ್ಟಿಯಾಗಿ, ಕೆಲವರಲ್ಲಿ ಮಿದುಳಿನಿಂದ ಇಳಿಯುವ ಅಭಿಧಮನಿಯಲ್ಲೇ ಹೆಪ್ಪು ಕೂರುತ್ತದೆ. ಮೊದಲು ತಲೆನೋವು, ಆಮೇಲೆ ಕೈ ಸೋಲುವುದು, ಆಮೇಲೆ ಫಿಟ್ಸ್. ಊರಿನವರು ಇದನ್ನು ಬಾಣಂತಿ ಸನ್ನಿ ಎನ್ನುತ್ತಾರೆ, ಗಾಳಿ ಸೋಕಿತು ಎನ್ನುತ್ತಾರೆ.

ವೈದ್ಯರಿಗೆ ಇದು ಗೊತ್ತಾಗಿ ದಶಕಗಳೇ ಕಳೆದಿದ್ದವು. ಪತ್ರಿಕೆಗಳಲ್ಲಿ ಲೇಖನಗಳು ಬಂದವು, ಗೋಡೆಬರಹಗಳಾದವು, ಶಿಬಿರಗಳಾದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಸಂಶೋಧನೆಯೆಲ್ಲ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತುಬಿಡುತ್ತಿತ್ತು. ಚಿಂತಾಮಣಿಯ ಕಡೆಯಿಂದ ಬಂದ ಹೈಮವತಿಗೆ ಇದೇ ಸಿಟ್ಟು. ಕಾಗದದಲ್ಲಿ ಗೆದ್ದ ಔಷಧ ಬಾಯಿಗೆ ಬೀಳದಿದ್ದರೆ ಅದೆಂಥ ಗೆಲುವು? ಭಾಷಣ ಸಾಕು, ಅತ್ತೆಯನ್ನೂ ಅವ್ವನನ್ನೂ ಕೇಳದೆ ನೇರವಾಗಿ ಬಾಣಂತಿಯ ಕೈಗೇ ವಿಜ್ಞಾನ ತೊಡಿಸುತ್ತೇನೆ ಎಂದು ಹೊರಟಳು. ಏಳು ವರ್ಷದ ಮೇಲೆ ಆದದ್ದು ಈ ಬಳೆ.

ಬೆಂಗಳೂರಿನ ಸಮಿತಿ ಅದಕ್ಕೆ ಜಲಕಂಕಣ ಎಂದು ಹೆಸರಿಟ್ಟಿತು. ಜನ ನೀರಬಳೆ ಅಂದರು. ಅಳತೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ಹಸಿರು ಬಳೆ. ಅದು ಚರ್ಮದೊಳಗೆ ಬೆಳಕು ಹಾಯಿಸಿ ರಕ್ತಗಾಢತೆ ಅಳೆಯುತ್ತದೆ, ಗಾಢತೆ ಏರಿದರೆ ನೀರು ಕುಡಿ ಎನ್ನುತ್ತದೆ, ಕುಡಿಯದಿದ್ದರೆ ಊರಿನ ಆಶಾ ಕಾರ್ಯಕರ್ತೆಯ ಫೋನಿಗೆ ದೂರು ಹೇಳುತ್ತದೆ. ತೆಗೆದಿಟ್ಟರಂತೂ ಊರೇ ಕೇಳುವಂತೆ ಅರಚುತ್ತದೆ. ಯಾರೋ ಒಬ್ಬ ಅಜ್ಜಿ ಅದನ್ನು ಎಮ್ಮೆಯ ಕೋಡಿಗೆ ಹಾಕಿ ನೋಡಿದಳಂತೆ, ಕೋಡಿನಲ್ಲಿ ನಾಡಿ ಸಿಗದೆ ಇನ್ನೂ ಜೋರಾಗಿ ಅರಚಿತಂತೆ. ಬಳೆಗೆ ದನಿ ಕೊಟ್ಟವಳು ಕಾರಗನಹಟ್ಟಿಯ ಆಶಾ ಕಾರ್ಯಕರ್ತೆ ರೇಣವ್ವ. ಹಾಗಾಗಿ ಜಿಲ್ಲೆಯ ಆರುನೂರ ನಲವತ್ತು ಮನೆಗಳಲ್ಲಿ ರೇಣವ್ವನೇ ನೀರು ಕುಡಿ ಎನ್ನುತ್ತಿದ್ದಳು.

ಹೈಮವತಿ ಎದ್ದು ಕಿಟಕಿಯ ತನಕ ಹೋಗಿ ಬಂದಳು. ಮತ್ತೆ ಕೂತು, ಫಿಟ್ಸ್ ಬಂದ ಆ ಇಬ್ಬರ ದಾಖಲೆ ತೆಗೆದಳು. ಗಾಢತೆ ಸರಿ. ನಾಡಿಯ ವೇಗ ಸರಿ. ಇನ್ನು ನೋಡಲು ಉಳಿದದ್ದು ಯಾರೂ ನೋಡದ ಒಂದು ಅಂಕಿ, ನಾಡಿಮಾರ್ದನಿ. ಬಳೆ ಅದನ್ನು ಸುಮ್ಮನೆ ಬರೆದಿಡುತ್ತಿತ್ತು, ಈ ಯೋಜನೆಗೆ ಅದರ ಅಗತ್ಯವಿರಲಿಲ್ಲ. ಆ ಅಂಕಿಯಿಂದ ವಯಸ್ಸು ಲೆಕ್ಕ ಹಾಕಬಹುದು. ಹಾಕಿದಳು. ಇಪ್ಪತ್ತಾರರ ಬಾಣಂತಿಗೆ ಅರವತ್ತೊಂದು ವರ್ಷ ಎಂದು ಬಂತು. ಇಪ್ಪತ್ತರ ಬಾಣಂತಿಗೆ ಐವತ್ತೇಳು.

ಕೈ ತಾನಾಗಿ ನಾನೂರ ಹದಿನೇಳನ್ನು ಒತ್ತಿತು. ಐವತ್ತೆಂಟು.

ಮೊದಲು ಅವಳಿಗೆ ನಗು ಬಂತು. ಆಮೇಲೆ ಎಲ್ಲ ಬಳೆಗಳನ್ನೂ ಒಟ್ಟಿಗೆ ಲೆಕ್ಕಕ್ಕೆ ಹಾಕಿ, ಇನ್ನೂರ ಹನ್ನೊಂದು ಬಾಣಂತಿಯರಿಗೆ ಐವತ್ತು ದಾಟಿದೆ ಎಂದು ಪರದೆ ತೋರಿಸಿದಾಗ ನಗು ಎಲ್ಲಿ ಹೋಯಿತೋ. ಅವಳು ಚಾಪೆ ಕೆಳಗೆ ತೂರಿದರೆ ಆ ಹೆಂಗಸರು ರಂಗೋಲಿ ಕೆಳಗೆ ತೂರಿದ್ದರು. ಬಳೆ ಅವ್ವಂದಿರ ಕೈಯಲ್ಲಿತ್ತು. ನೀರು ಅವರು ಕುಡಿಯುತ್ತಿದ್ದರು. ಬಾಣಂತಿಯರು ಹೇಗಿದ್ದಾರೆಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಂಶೋಧನಾಲಯದ ಹುಡುಗಿಯರನ್ನೆಲ್ಲ ಕೂಗಿ, ಪಟ್ಟಿ ಹಂಚಿ, ಇನ್ನೂರ ಹನ್ನೊಂದು ಮನೆಗಳಿಗೂ ಈಗಲೇ ಆಶಾ ಕಾರ್ಯಕರ್ತೆಯರನ್ನು ಕಳಿಸಿ ಎಂದಳು. ತಾನು ರೇಣವ್ವನಿಗೆ ಫೋನು ಹಚ್ಚಿದಳು.

"ರೇಣವ್ವ, ತನುಜಾ ಹೇಗಿದ್ದಾಳೆ?"

"ಚೊಲೊ ಅದಾಳ್ರಿ ಮೇಡಂ. ಚುಕ್ಕಿ ಹಸಿರ ಐತಲ್ರಿ."

"ಚುಕ್ಕಿ ಬಿಡಿ. ಮುಖ ನೋಡಿದ್ರಾ?"

"ಇಲ್ರಿ. ಹಸಿರ ಇದ್ದ ಮನಿಗೆ ಹೋಗೂದು ಬ್ಯಾಡ, ಕೆಂಪಾದ್ರ ಅಷ್ಟ ಹೋಗ್ರಿ ಅಂತ ನೀವ ಬರದು ಕಳಿಸಿದ್ರಲ್ರಿ. ಮೊದಲಾದ್ರ ದಿನಾ ಒಂದ್ ಸರ್ತಿ ಹಣಿಕಿ ಹಾಕಿ ಬರ್ತಿದ್ದೆ."

ಬರೆದಿದ್ದಳು, ನಿಜ. ಆಶಾ ಕಾರ್ಯಕರ್ತೆಯರ ಶ್ರಮ ಉಳಿಯುತ್ತದೆಂದು ತಾನೇ ಸಹಿ ಮಾಡಿ ಕಳಿಸಿದ್ದ ಸುತ್ತೋಲೆ. "ಊರ ಬಾಗಿಲಲ್ಲಿ ನಿಂತಿರಿ, ಬರ್ತಿದ್ದೀನಿ," ಎಂದು ಜೀಪು ಹತ್ತಿದಳು.

ಕಪ್ಪು ಮಣ್ಣಿನ ಆ ದಾರಿಯಲ್ಲಿ ಜೀಪು ತಾನೇ ಓಡುತ್ತಿತ್ತು, ಓಡಿಸುವವರು ಬೇಕಿರಲಿಲ್ಲ. ಅದೇ ತೊಂದರೆ. ಕೈಗೆ ಕೆಲಸವಿದ್ದಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ಹೈಮವತಿ ಆಸನದ ತುದಿಗೆ ಕೂತು, ಬೆಲ್ಟು ಬಿಚ್ಚುವುದು ಹಾಕುವುದು ಮಾಡುತ್ತ, ಇನ್ನೂ ವೇಗ, ಇನ್ನೂ ವೇಗ ಎಂದು ಯಂತ್ರವನ್ನು ಬೈದಳು. ಊರ ಬಾಗಿಲಲ್ಲಿ ರೇಣವ್ವ ಹತ್ತಿಕೊಂಡಳು, ವಿಷಯ ಕೇಳಿ ಬೆರಗಾದಳು.

"ಬಳಿ ಬ್ಯಾರೇರ ಕೈಯಾಗೈತಿ ಅಂತ ಅಲ್ಲಿ ಕುಂತು ಹ್ಯಾಂಗ ಗೊತ್ತಾತ್ರಿ ನಿಮಗ?"

"ಬಾವಿಯೊಳಗೆ ಕೂಗಿದ್ರೆ ದನಿ ತಿರುಗಿ ಬರುತ್ತಲ್ಲ, ಹಾಗೆ. ಹೃದಯ ಒಂದು ಸಲ ಹೊಡೆದರೆ ರಕ್ತನಾಳದಲ್ಲಿ ಅಲೆ ಏಳುತ್ತೆ, ತುದಿಗೆ ಬಡಿದು ವಾಪಸ್ಸು ಬರುತ್ತೆ. ಎಳೇ ವಯಸ್ಸಿನಲ್ಲಿ ನಾಳ ಮೆತ್ತಗಿರುತ್ತೆ, ಅಲೆ ನಿಧಾನ. ವಯಸ್ಸಾದಂತೆ ನಾಳ ಗಡುಸು, ಅಲೆ ಬೇಗ ತಿರುಗುತ್ತೆ. ಅದು ಸುಳ್ಳು ಹೇಳೋದಿಲ್ಲ."

"ಅಂದ್ರ ನೀಲಗಂಗಕ್ಕ..." ರೇಣವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ತನುಜಾನ ಅವ್ವ ರೀ. ಗಂಡ ಸತ್ತು ಹತ್ತೊಂಬತ್ತ ವರ್ಷ ಆತು. ಇದ್ದಾಕಿ ಒಬ್ಬಾಕಿ ಮಗಳು. ಚೊಚ್ಚಲ ಬಾಣಂತನಕ್ಕ ತವರಿಗೆ ಬಂದಾಳ. ಮಗಳಂದ್ರ ಜೀವಾ ಬಿಡ್ತಾಳ್ರಿ. ಯಾಕ ಹೀಂಗ ಮಾಡಿದ್ಲೊ."

ಅಂಗಳಕ್ಕೆ ಕಾಲಿಟ್ಟಾಗಲೇ ಓಮಿನ ಹೊಗೆ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ನೀಲಗಂಗವ್ವ ಬಾಗಿಲಿಗೆ ಅಡ್ಡ ನಿಂತಳು. ಗಟ್ಟಿ ಹೆಂಗಸು. ಕೈಗಳು ಬೋಳು, ಸೆರಗು ಮೈತುಂಬ.

"ಬರ್ರಿ, ಕುಂದರ್ರಿ. ಮಗಳು ಮಲ್ಕೊಂಡಾಳ, ಎಬ್ಬಸಾಕ ಬರೂದಿಲ್ಲ."

"ಬಳೆ ಅವಳ ಕೈಯಲ್ಲಿದೆಯಾ ಅಮ್ಮಾ?"

"ಹೂನ್ರಿ. ಮತ್ತ ಯಾರ ಕೈಯಾಗ ಇರ್ತೈತಿ?"

"ತಂಗೀ," ಎಂದಿತು ನೀಲಗಂಗವ್ವನ ಕುಬಸದ ತೋಳು. "ನೀರಿನ ಹೊತ್ತಾತು. ಒಂದ್ ಲೋಟ ಕುಡಿ."

ಎದುರಿಗೆ ರೇಣವ್ವ ಬಾಯಿ ಮುಚ್ಚಿ ನಿಂತಿದ್ದಾಳೆ, ದನಿ ಮಾತ್ರ ರೇಣವ್ವನದು. ಬೇರೆ ಸಮಯವಾಗಿದ್ದರೆ ಮೂವರೂ ಹೊಟ್ಟೆ ಹಿಡಿದು ನಗಬೇಕಾದ ಸಂಗತಿ. ಹನ್ನೊಂದು ದಿನದ ಅಭ್ಯಾಸ. ನೀಲಗಂಗವ್ವನ ಕಾಲು ತಾನಾಗಿ ನೀರಿನ ಕೊಡದ ಕಡೆ ಎರಡು ಹೆಜ್ಜೆ ನಡೆದು, ಅಲ್ಲೇ ನಿಂತುಬಿಟ್ಟಿತು. ವಿಧವೆಯ ಕೈಯಲ್ಲಿ ಹಸಿರು ಬಳೆ ಕಂಡರೆ ಜನ ಏನೆಂದಾರು ಎಂದು ರಟ್ಟೆಗೇರಿಸಿ ಮುಚ್ಚಿಟ್ಟಿದ್ದಳು.

ಹೈಮವತಿ ಅವಳನ್ನು ಸರಿಸಿ ಒಳಗೆ ನುಗ್ಗಿದಳು.

ಕೋಣೆಗೆ ಕಿಟಕಿಯಿರಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡ ತನುಜಾ ಗೋಡೆಗೆ ಒರಗಿದ್ದಳು. ತುಟಿ ಒಡೆದು ರಕ್ತ ಒಸರಿತ್ತು. ಕೂಸು ಅವಳ ಬಲಗಡೆ ಮಲಗಿತ್ತು.

"ತಲೆನೋವಿದೆಯಾ?"

"ಮೂರು ದಿನ ಆತ್ರಿ. ಕಣ್ಣ ತೆಗ್ಯಾಕ ಆಗವಲ್ದು."

"ಈ ಎಡಗೈ ಎತ್ತು ನೋಡೋಣ."

ಕೈ ಮೊಣಕೈತನಕ ಎದ್ದು ಬಿತ್ತು. "ಎರಡು ದಿನದಿಂದ ಕೂಸಿನ್ನ ಬಲಗಡೀನ ಹಾಕ್ಕೋತೀನ್ರಿ," ಎಂದಳು ತನುಜಾ. ಆಮೇಲೆ ದನಿ ತಗ್ಗಿಸಿ, "ಡಾಕ್ಟರಬಾಯಿ, ಅವ್ವಗ ಹೇಳಬ್ಯಾಡ್ರಿ. ಕೂಸಿಗೆ ಎರೀವಾಗ ಕೈಗೆ ಹತ್ತಿದ ನೀರ ನೆಕ್ಕೀನ್ರಿ. ತಡಕೊಳ್ಳಾಕ ಆಗಲಿಲ್ಲ," ಎಂದಳು.

ಹೈಮವತಿಗೆ ಅಳು ಒತ್ತರಿಸಿ ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. "ಜೀಪಿಗೆ ಎತ್ತಿಕೊಳ್ಳಿ ರೇಣವ್ವ. ಮೊದಲು ಒಂದು ಗುಟುಕು ನೀರು ತನ್ನಿ."

"ನೀರ ಕೊಡಬ್ಯಾಡ್ರಿ!" ನೀಲಗಂಗವ್ವ ಬಾಗಿಲು ತುಂಬಿ ನಿಂತಳು. "ಕಾಲಿಗೆ ಬೀಳ್ತೀನಿ. ಆಸ್ಪತ್ರಿಗೆ ಒಯ್ಯಿರಿ, ಸೂಜಿ ಹಾಕ್ರಿ, ಏನರ ಮಾಡ್ರಿ. ನೀರ ಕೊಟ್ರ ಸಾಯ್ತಾಳ. ನನಗ ಗೊತ್ತೈತಿ. ನಾ ಕೊಟ್ಟು ನೋಡೀನಿ."

"ಯಾರಿಗೆ ಕೊಟ್ಟಿರಿ?"

"ನಮ್ಮಕ್ಕಗ." ಆ ಒಂದು ಶಬ್ದ ಹೊರಬಂದ ಮೇಲೆ ಉಳಿದದ್ದು ತಾನಾಗಿ ಬಂತು. "ನನಗ ಹತ್ತ ವರ್ಷ. ಅಕ್ಕ ಬಾಣಂತನಕ್ಕ ಬಂದಿದ್ಲು. ನೀಲೂ, ನೀರ ಕೊಡಲೇ, ನೀರ ಕೊಡಲೇ ಅಂತಿದ್ಲು. ಎಲ್ಲಾರೂ ಹೊಲಕ್ಕ ಹೋದಾಗ ಕದ್ದು ಒಂದ್ ಲೋಟ ಕೊಟ್ಟೆ. ಗಟಗಟಾ ಕುಡದು ನನ್ನ ಗಲ್ಲ ಹಿಡದ್ಲು. ಸಂಜಿ ಆಗೂದ್ರಾಗ ಕೈಕಾಲು ಸೆಟದು ಹೋಗಿಬಿಟ್ಲು. ಯಾವಾಕಿ ನೀರ ಕೊಟ್ಟಾಕಿ ಅಂತ ನಮ್ಮಜ್ಜಿ ಕೇಳಿದ್ಲು. ನಾ ಇವತ್ತಿನ ತನಕ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ಸಿಟ್ಟು ಎಲ್ಲಿ ಕರಗಿತೆಂದು ಹೈಮವತಿಗೇ ತಿಳಿಯಲಿಲ್ಲ. ರಕ್ತಗಾಢತೆಯ ಪಾಠ ಹೇಳಲು ಬಾಯಿ ತೆರೆದವಳು ಮುಚ್ಚಿದಳು. ಈ ಹೆಂಗಸು ಮೂಢಳಲ್ಲ. ಕಣ್ಣಾರೆ ಕಂಡದ್ದನ್ನು ನಂಬಿದವಳು. ಸಾಕ್ಷಿಗೆ ಸಾಕ್ಷಿಯಿಂದಲೇ ಉತ್ತರ ಕೊಡಬೇಕು.

"ಅಮ್ಮಾ, ಒಂದೇ ಮಾತು ಕೇಳ್ತೀನಿ. ನೀವು ನೀರು ಕೊಡೋಕೆ ಮುಂಚೆ ನಿಮ್ಮಕ್ಕ ಹೇಗಿದ್ದರು? ತಲೆನೋವು ಅಂತಿದ್ದರಾ?"

"ಅಂತಿದ್ಲು. ತಲಿಗೆ ಬಟ್ಟಿ ಬಿಗದು ಕಟಗೊಂಡಿದ್ಲು. ಮೂರ್ನಾಕ ದಿನ."

"ಕೈ?"

"ಕೈ..." ನೀಲಗಂಗವ್ವನ ಕಣ್ಣು ಮಗಳ ಮಡಿಲಲ್ಲಿ ಬಿದ್ದಿದ್ದ ಎಡಗೈಯ ಮೇಲೆ ನಿಂತಿತು. "ನಾ ಲೋಟ ಹಿಡದು ಕುಡಸಿದೆ. ಅಕಿಗೆ ಹಿಡಿಯಾಕ ಬರಲಿಲ್ಲ."

ನೀಲಗಂಗವ್ವ ಮಗಳ ತಲೆಗೆ ಕಟ್ಟಿದ ಬಟ್ಟೆ ನೋಡಿದಳು, ಮತ್ತೆ ಕೈ ನೋಡಿದಳು.

"ಇಕಿಗೆ ನಾ ನೀರ ಕೊಟ್ಟಿಲ್ಲಲ್ಲ," ಎಂದಳು ನಿಧಾನಕ್ಕೆ. "ಒಂದ್ ಹನಿ ಹೆಚ್ಚಿಗಿ ಕೊಟ್ಟಿಲ್ಲ. ಮತ್ತ ಇಕಿಗ್ಯಾಕ ಹಂಗ ಆತು?"

ಅವಳು ಬಾಗಿಲು ಬಿಟ್ಟಳು. ಹಿಂದೆಯೇ ಕೊಡದ ಮುಚ್ಚಳ ಬಿದ್ದ ಸದ್ದು. ಲೋಟ ಹಿಡಿದು ತಂದಳು, ಅವಸರದಲ್ಲಿ ಅರ್ಧ ನೀರು ಚೆಲ್ಲಿತ್ತು. ಉಳಿದದ್ದನ್ನು ಮಗಳ ತುಟಿಗೆ ಹಿಡಿದಳು.

ಹೆಪ್ಪು ಇತ್ತು. ಅದು ಸ್ಕ್ಯಾನಿನಲ್ಲಿ ಕಂಡಿತು, ಮಿದುಳಿನ ಬಲ ಮಗ್ಗುಲಲ್ಲಿ, ಕಿರುಬೆರಳಿನಷ್ಟು. ಇನ್ನೊಂದು ದಿನ ತಡವಾಗಿದ್ದರೆ ಎಂದು ಜಿಲ್ಲಾಸ್ಪತ್ರೆಯ ವೈದ್ಯರು ಮಾತು ಶುರು ಮಾಡಿ ಅಲ್ಲಿಗೇ ಬಿಟ್ಟರು. ರಕ್ತ ತೆಳುವಾಗಿಸುವ ಔಷಧ ಹೋಯಿತು, ಸಲೈನು ಹೋಯಿತು. ಮಂಗಳವಾರ ರಾತ್ರಿಯ ಹೊತ್ತಿಗೆ ತಲೆನೋವು ಇಳಿಯಿತು, ಬುಧವಾರ ಎಡಗೈಯ ಬೆರಳು ಆಡಿದವು. ಮಿಕ್ಕ ಇನ್ನೂರ ಹತ್ತು ಮನೆಗಳಲ್ಲಿ ಏಳು ಬಾಣಂತಿಯರಿಗೆ ತಲೆನೋವು ಕಂಡಿತು. ಏಳೂ ಜನ ಫಿಟ್ಸ್ ಬರುವ ಮೊದಲೇ, ತಮ್ಮ ಕಾಲ ಮೇಲೇ ನಡೆದು ಆಸ್ಪತ್ರೆಯೊಳಗೆ ಬಂದರು.

ಗುರುವಾರ ಹೈಮವತಿ ಬೆಂಗಳೂರಿಗೆ ಹೋದಳು. ನಿರ್ದೇಶಕರು ಆ ರೇಖಾಚಿತ್ರ ತೆಗೆದುಬಿಡು ಎಂದಿದ್ದರು. ಅವಳು ತೆಗೆಯಲಿಲ್ಲ. "ಇವರು ನಮ್ಮ ಮಾದರಿ ಬಾಣಂತಿ. ವಯಸ್ಸು ಐವತ್ತೆಂಟು," ಎಂದು ಶುರು ಮಾಡಿದಳು. ಸಭೆ ನಕ್ಕಿತು. ಮುಂದಿನ ಮಾತು ಕೇಳಿ ನಗು ನಿಂತಿತು. ಬಳೆ ತಪ್ಪು ಅಳೆದಿಲ್ಲ, ನಾವೇ ಹಸಿರು ಚುಕ್ಕೆ ನೋಡಿ ಮನೆಗೆ ಹೋಗುವುದನ್ನು ನಿಲ್ಲಿಸಿದೆವು. ನೀರು ಕುಡಿ ಎಂದು ಹೇಳಲು ಏಳು ವರ್ಷ ದುಡಿದೆವು, ಯಾಕೆ ಕೊಡುವುದಿಲ್ಲ ಎಂದು ಒಬ್ಬ ಅವ್ವನನ್ನೂ ಕೇಳಲಿಲ್ಲ ಎಂದಳು. ಯೋಜನೆ ಒಂದು ವರ್ಷ ಮುಂದಕ್ಕೆ ಹೋಯಿತು. ನಿರ್ದೇಶಕರು ಊಟದ ಹೊತ್ತಿನಲ್ಲೂ ಮಾತಾಡಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಸ್ಸಿನಿಂದಿಳಿದವಳು ಮನೆಗೂ ಹೋಗದೆ ಆಸ್ಪತ್ರೆಗೆ ಬಂದಳು. ಅಲ್ಲಿ ರೇಣವ್ವ ಇದ್ದಳು. ಅಷ್ಟರಲ್ಲೇ ಅವಳು ನಾಲ್ಕು ಊರು ಸುತ್ತಿ ಬಂದಿದ್ದಳು. ಈ ಸಲ ಬಾಣಂತಿಯ ಮಾತೇ ಎತ್ತದೆ, ಅವ್ವಂದಿರ ಜೊತೆ ಕೂತು, ನಿಮ್ಮ ಮನೆಯಲ್ಲಿ ಯಾರು ಹೋದರು ಎಂದಷ್ಟೇ ಕೇಳುತ್ತಿದ್ದಳಂತೆ. "ಕದ್ದು ನೀರ ಕೊಟ್ಟಾಕಿ ಒಬ್ಬಾಕಿ ಅಲ್ರಿ ಮೇಡಂ, ಊರಿಗೊಬ್ರು ಸಿಕ್ಕಾರ," ಎಂದಳು.

ತನುಜಾ ದಿಂಬಿಗೊರಗಿ ಎರಡೂ ಕೈಯಲ್ಲಿ ಕೂಸನ್ನು ಹಿಡಿದಿದ್ದಳು. ಹಸಿರು ಬಳೆ ಈಗ ಅವಳ ಕೈಯಲ್ಲೇ ಇತ್ತು. ನೀಲಗಂಗವ್ವ ಸ್ಟೂಲಿನ ಮೇಲೆ ಕೂತಿದ್ದಳು. ಹೈಮವತಿಯನ್ನು ಕಂಡು ಎದ್ದು ನಿಂತಳು, ಕುಂದರ್ರಿ ಎಂದಳು, ತಾನು ಕೂರಲಿಲ್ಲ.

"ಡಾಕ್ಟರಬಾಯಿ, ಒಂದ್ ಮಾತು ಕೇಳ್ಲೇನ್ರಿ?"

"ಕೇಳಿ ಅಮ್ಮಾ."

"ನೀರ ಕೊಟ್ಟಿದ್ದು ತಪ್ಪಲ್ಲ ಅಂತ ಗೊತ್ತಾತು. ನಲವತ್ತೆಂಟ ವರ್ಷದ ಭಾರ ಇಳೀತು." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಆದ್ರ ಅವತ್ತಿಂದ ನಿದ್ದಿ ಹತ್ತವಲ್ದು. ಅಕ್ಕ ಮೊದಲನೇ ದಿನದಿಂದ ಬೇಡ್ತಿದ್ಲು. ನಾ ಅಂಜಿಕಿಲೆ ಹತ್ತನೇ ದಿನ ಕೊಟ್ಟೆ, ಅದೂ ಒಂದ ಲೋಟ. ದಿನಾ ಕದ್ದು ಕೊಟ್ಟಿದ್ರ ಬದುಕ್ತಿದ್ಲೇನ್ರಿ?"

ಹೈಮವತಿಗೆ ಉತ್ತರ ಗೊತ್ತಿತ್ತು. ಸಂಶೋಧಕಿಯಾಗಿ ಹೇಳಬೇಕಾದ ಉತ್ತರ ಹೌದು, ಬಹುಶಃ ಬದುಕುತ್ತಿದ್ದಳು ಎಂಬುದು. ಒಂದು ಭಾರ ಇಳಿಸಿದ ಕೈಯಿಂದಲೇ ಇನ್ನೊಂದನ್ನು ಹೊರಿಸಿದ್ದಳು. ಅದನ್ನು ಅಳೆಯುವ ಬಳೆ ಅವಳ ಬಳಿ ಇರಲಿಲ್ಲ.

"ಆಗ ಹತ್ತು ವರ್ಷದ ಮಗು ನೀವು," ಎಂದಳು ಕಡೆಗೆ. "ಆ ಮನೆಯಲ್ಲಿ ಅವರಿಗೆ ಸರಿಯಾದ ಮದ್ದು ಕೊಟ್ಟವರು ನೀವೊಬ್ಬರೇ ಅಮ್ಮಾ."

ಅಷ್ಟರಲ್ಲಿ ತನುಜಾಳ ಕೈಯಲ್ಲಿ ರೇಣವ್ವನ ದನಿ ಎದ್ದಿತು. "ತಂಗೀ, ನೀರಿನ ಹೊತ್ತಾತು. ಒಂದ್ ಲೋಟ ಕುಡಿ."

ಮಗಳು ಕೈಚಾಚುವ ಮೊದಲೇ ಅವ್ವ ಹೂಜಿಯ ಹತ್ತಿರವಿದ್ದಳು. ಲೋಟ ತುಂಬಿ ತಂದು ಕುಡಿಸಿದಳು. ಖಾಲಿ ಲೋಟ ತೆಗೆದುಕೊಂಡು ಹೋದವಳು ಅದನ್ನೇ ಮತ್ತೆ ತುಂಬಿಸಿ ತಂದಳು.

"ಸಾಕಬೇ, ಅದು ಒಂದ ಲೋಟ ಅಂದೈತಿ," ಎಂದಳು ತನುಜಾ.

"ಅದಕ್ಕೇನ ಗೊತ್ತು," ಎಂದಳು ನೀಲಗಂಗವ್ವ. "ಕುಡಿ."